ಒಂದೇ ರಿಸೆಪ್ಟರ್, ಎರಡು ಪೆಪ್ಟೈಡ್

ನವೆಂಬರ್ 14, 2024, ಗುರುವಾರ ರಾತ್ರಿ

"ಅಕ್ಕಾ, ಅಪೆಲಿನ್ ಇರುವಾಗ ಎಲಬೆಲಾ ಯಾಕೆ ಬೇಕು? ಎರಡೂ ಹೋಗಿ ಕೂರುವುದು ಎಪಿಜೆ ಮೇಲೇ ಅಲ್ವಾ? ಒಂದೇ ಬೀಗಕ್ಕೆ ಎರಡು ಕೀ!"

ನಮ್ಮ ಜೂನಿಯರ್ ಸಂಜೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳಿದಳು. ಅಪೆಲಿನ್, ಎಲಬೆಲಾ ಎರಡೂ ದೇಹದೊಳಗೆ ಸಂದೇಶ ಒಯ್ಯುವ ಪೆಪ್ಟೈಡ್‌ಗಳು, ಅಂದರೆ ಪುಟ್ಟ ಪ್ರೋಟೀನ್ ತುಣುಕುಗಳು. ಎಪಿಜೆ ಅಂದರೆ ಜೀವಕೋಶದ ಮೇಲೆ ಆ ಸಂದೇಶ ಹಿಡಿಯುವ ರಿಸೆಪ್ಟರ್. ಬ್ಯಾಗು ಕೆಳಗಿಟ್ಟು ಕೂತೆ. ಈ ಹುಡುಗಿ ಯಾವಾಗಲೂ ಇಂಥ ಹೊತ್ತಿಗೇ ಕೇಳುತ್ತಾಳೆ.

ಅವಳಿಗೆ ಮೀನಿನ ಕಥೆ ಹೇಳಿದೆ. ಎಪಿಜೆ ಸಿಕ್ಕಿದ್ದು 1993ರಲ್ಲಿ. ನೋಡಲು ಬಿಪಿ ಏರಿಸುವ ಹಾರ್ಮೋನ್ ಆಂಜಿಯೊಟೆನ್ಸಿನ್‌ನ ರಿಸೆಪ್ಟರ್ ತರಹ, ಆದರೆ ಆಂಜಿಯೊಟೆನ್ಸಿನ್ ಅದನ್ನು ಮುಟ್ಟುವುದೇ ಇಲ್ಲ. 1998ರಲ್ಲಿ ದನದ ಜಠರದಿಂದ ಅಪೆಲಿನ್ ತೆಗೆದರು, ಜೋಡಿ ಸಿಕ್ಕಿತು ಅಂದುಕೊಂಡರು. ಆದರೆ ಜೀಬ್ರಾಫಿಶ್‌ನಲ್ಲಿ ಲೆಕ್ಕ ಸರಿಹೋಗಲಿಲ್ಲ. ರಿಸೆಪ್ಟರ್ ಕೆಟ್ಟರೆ ಮರಿಯಲ್ಲಿ ಹೃದಯವೇ ಸರಿಯಾಗಿ ಆಗುವುದಿಲ್ಲ. ಅಪೆಲಿನ್ ಇಲ್ಲದಿದ್ದರೆ ಅಷ್ಟು ಅನಾಹುತ ಆಗುವುದಿಲ್ಲ. ಹಾಗಾದರೆ ಭ್ರೂಣದಲ್ಲಿ ಆ ರಿಸೆಪ್ಟರನ್ನು ಎಬ್ಬಿಸುತ್ತಿದ್ದದ್ದು ಯಾರು?

2013ರಲ್ಲಿ ಉತ್ತರ ಬಂತು. ಪ್ರೋಟೀನ್ ಮಾಡುವುದೇ ಇಲ್ಲ ಅಂತ ಬದಿಗಿಟ್ಟಿದ್ದ ಆರ್‌ಎನ್‌ಎ ಒಂದರಲ್ಲಿ 54 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್ ಅಡಗಿತ್ತು. ತುದಿ ಕತ್ತರಿಸಿದ ಮೇಲೆ 32. ಒಂದು ತಂಡ ಎಲಬೆಲಾ ಅಂತ ಕರೆಯಿತು, ಇನ್ನೊಂದು ಟಾಡ್ಲರ್ ಅಂತ. ಭ್ರೂಣದಲ್ಲಿ ಅಪೆಲಿನ್‌ಗಿಂತ ಮೊದಲೇ ಹಾಜರಾಗುವುದು ಇದು.

"ಅಂದರೆ ಎಲಬೆಲಾ ಮಗುವಿಗೆ, ಅಪೆಲಿನ್ ದೊಡ್ಡವರಿಗೆ?"

ಅಷ್ಟು ಸಲೀಸಾಗಿದ್ದರೆ ಎಷ್ಟು ಚೆನ್ನಾಗಿತ್ತು! ದೊಡ್ಡವರಲ್ಲೂ ಎರಡೂ ಇವೆ. ಎರಡೂ ರಕ್ತನಾಳ ಹಿಗ್ಗಿಸುತ್ತವೆ, ಹೃದಯ ಹಿಂಡುವ ಬಲ ಹೆಚ್ಚಿಸುತ್ತವೆ. ಎರಡೂ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಔಷಧಿ ಮಾಡುವವರಿಗೆ ಅದೇ ತಲೆನೋವು. ರಿವ್ಯೂ ಲೇಖನ ಬರೆಯುವವರು ಇಷ್ಟನ್ನೇ ನೋಡಿ ಎರಡನ್ನೂ ಒಂದೇ ಖಾನೆಗೆ ತುಂಬುತ್ತಾರೆ, ನನಗೆ ಅದನ್ನು ಕಂಡರೇ ಆಗುವುದಿಲ್ಲ. ಯಾವ ಅಂಗದಲ್ಲಿ, ಯಾವಾಗ, ಯಾರು ಕತ್ತರಿಸುತ್ತಾರೆ ಎಂಬುದಕ್ಕೆ ಖಾನೆ ಎಲ್ಲಿದೆ? ಅಪೆಲಿನ್‌ನ ಕೊನೆಯಲ್ಲಿ ಫಿನೈಲಲನಿನ್ ಅನ್ನುವ ಅಮೈನೋ ಆಮ್ಲ ಇದೆ, ಎಸಿಇ2 ಅನ್ನುವ ಕಿಣ್ವ ಅದನ್ನೇ ಕತ್ತರಿಸುತ್ತದೆ. ಎಲಬೆಲಾದ ಬಾಲ ಮುಗಿಯುವುದು ಬೇರೆಯದರಲ್ಲಿ, ಪ್ರೋಲಿನ್ ಅನ್ನುವ ಅಮೈನೋ ಆಮ್ಲದಲ್ಲಿ.

ಅವಳು ಹೋದ ಮೇಲೆ 2017ರ ಇಲಿಗಳ ಪೇಪರ್ ಮತ್ತೆ ತೆರೆದೆ. ಎಲಬೆಲಾ ಇಲ್ಲದ ಬಸುರಿ ಇಲಿಗಳಿಗೆ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಹೋಯಿತು. ಎಲಬೆಲಾ ಕೊಟ್ಟರೆ ಎರಡೂ ಇಳಿದವು. ಮೊದಲ ಸಲ ಓದಿದಾಗ ಗ್ರಾಫ್ ಎಷ್ಟು ಚೆಂದ ಅಂತ ಖುಷಿಪಟ್ಟಿದ್ದೆ. ಈಗ ತಂಗಿಗೆ ಏಳು ತಿಂಗಳು. ಮೊನ್ನೆ ಫೋನಿನಲ್ಲಿ ಕಾಲು ಊದಿದೆ ಅಂದಳು, "ಸುಮ್ನೆ ಹೇಳಿದೆ ಕಣೇ, ಬಿಪಿ ಸರಿಯಾಗಿದೆ" ಅಂದಳು. ಸರಿಯಾಗಿದೆ ಅಂದರೆ ಎಷ್ಟು ಅಂತ ಕೇಳಲಿಲ್ಲ. ಈ ಹೊತ್ತಿನಲ್ಲಿ ಫೋನ್ ಮಾಡಿದರೆ ಗಾಬರಿಯಾದಾಳು, ಬೆಳಿಗ್ಗೆ ಎದ್ದ ಕೂಡಲೇ