ವಾರಕ್ಕೊಂದು ದಿನದ ತಂತ್ರಜ್ಞಾನ ಮುಖ್ಯಸ್ಥರು

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರಗಳ ಸಣ್ಣ ಘಟಕಗಳಲ್ಲಿ ಸಂಬಳ ಕೊಟ್ಟು ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಇಟ್ಟುಕೊಂಡವರು ವಿರಳ. ದಿನದ ಲೆಕ್ಕ ಬರೆಯುವವರು ಒಳಗಿನವರು. ಅದನ್ನು ನೋಡಿ, ತಿದ್ದಿ, ಸಹಿ ಹಾಕುವ ಆಡಿಟರು ಹೊರಗಿನವರು. ಈ ಏರ್ಪಾಟನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಕಂಪ್ಯೂಟರು, ಸಾಫ್ಟ್‌ವೇರು, ಮಾಹಿತಿ ಭದ್ರತೆಗಳ ತೀರ್ಮಾನಕ್ಕೂ ಹೀಗೊಬ್ಬರು ಅರೆಕಾಲಿಕ ತಂತ್ರಜ್ಞಾನ ಮುಖ್ಯಸ್ಥರು (ಸಿಟಿಒ) ಇರಲಿ ಎಂದರೆ, "ಅದೆಲ್ಲ ಬೆಂಗಳೂರಿನ ಕಂಪನಿಗಳಿಗೆ ಸಾರ್, ನಮಗೆ ಟ್ಯಾಲಿ ಹುಡುಗ ಸಾಕು" ಎಂಬ ಉತ್ತರ ಬರುತ್ತದೆ. ಟ್ಯಾಲಿ ಎಂದರೆ ದಿನದ ಲೆಕ್ಕ ಬರೆಯುವ ಸಾಫ್ಟ್‌ವೇರ್. ಇಲ್ಲಿನ ಘಟಕಗಳಿಗೆ ಸಾಫ್ಟ್‌ವೇರ್ ಒಪ್ಪಂದಗಳನ್ನು ಓದಿಕೊಡುವ ಕೆಲಸ ನನ್ನದಾದ್ದರಿಂದ, ಈ ಉತ್ತರಕ್ಕೆ ಮರುಮಾತು ಬರೆಯಬೇಕೆನಿಸಿತು.

ಟ್ಯಾಲಿ ಹುಡುಗನಿಂದಲೇ ಎಲ್ಲವೂ ಸಾಗುತ್ತಿದ್ದ ಕಾಲ ಮುಗಿದಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರೆಲ್ಲ ಇತರ ವ್ಯಾಪಾರಸ್ಥರಿಗೆ ಮಾಡುವ ಮಾರಾಟಕ್ಕೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾಗುವ ಬಿಲ್ಲು, ಅಂದರೆ ಇ-ಇನ್‌ವಾಯ್ಸ್ ಮಾಡಬೇಕು. ಅದೇ ವರ್ಷದ ಏಪ್ರಿಲ್ 1ರಿಂದ, ಕಂಪನಿಯಾಗಿ ನೋಂದಾಯಿಸಿಕೊಂಡವರ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಅಳಿಸಲಾಗದಂತೆ ಉಳಿಯಬೇಕು. ಸೈಬರ್ ದಾಳಿಯಾದರೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವೇ ಹೇಳಿದೆ. ರಾತ್ರಿ ಹತ್ತಕ್ಕೆ ಸರ್ವರಿನ ಕಡತಗಳೆಲ್ಲ ಲಾಕ್ ಆದರೆ ಯಾರಿಗೆ ಫೋನ್ ಮಾಡಬೇಕೆಂಬುದೇ ಗೊತ್ತಿಲ್ಲದ ಘಟಕಕ್ಕೆ ಆ 6 ಗಂಟೆ ಬಹಳ ಕಡಿಮೆ.

ಈಗ ಇಂಥ ತೀರ್ಮಾನಗಳನ್ನು ಯಾರು ಮಾಡುತ್ತಿದ್ದಾರೆ? ನಾನು ಕಂಡಂತೆ, ಮಾರಲು ಬಂದವರೇ ಮಾಡುತ್ತಿದ್ದಾರೆ. ನಲವತ್ತು ಜನರಿರುವ ಬಿಡಿಭಾಗಗಳ ಘಟಕಕ್ಕೆ ನಾಲ್ಕು ನೂರು ಜನರ ಕಾರ್ಖಾನೆಗೆ ತಕ್ಕ, ಖರೀದಿಯಿಂದ ಲೆಕ್ಕದವರೆಗೆ ಎಲ್ಲವನ್ನೂ ನಡೆಸುವ ಸಾಫ್ಟ್‌ವೇರಾದ ಇಆರ್‌ಪಿ ಬರುತ್ತದೆ. ಅದರಲ್ಲಿ ಬಳಕೆಯಾಗುವುದು ಬಿಲ್ಲಿಂಗ್ ಮತ್ತು ಸ್ಟಾಕ್ ಮಾತ್ರ. ವಾರಕ್ಕೆ ಒಂದೆರಡು ದಿನ ಬರುವ ಅನುಭವಸ್ಥರೊಬ್ಬರು ಮಾಲೀಕರ ಪಕ್ಕದಲ್ಲಿ ಕುಳಿತಿದ್ದರೆ ಆ ಮಾತುಕತೆಯ ದಿಕ್ಕೇ ಬದಲಾಗುತ್ತದೆ. ಅವರಿಂದ ಕೋಡ್ ಬರೆಸುವುದು ಹಣದ ದುರ್ಬಳಕೆ. ಏನು ಕೊಳ್ಳಬಾರದು, ಯಾವುದನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಬ್ಯಾಕಪ್ ಎಂದು ಹೇಳಿಕೊಳ್ಳುತ್ತಿರುವುದರಿಂದ ನಿಜಕ್ಕೂ ಮಾಹಿತಿ ಮರಳಿ ಸಿಗುತ್ತದೆಯೇ ಎಂಬುದನ್ನು ಹೇಳುವುದು ಅವರ ಕೆಲಸ.

ಪೂರ್ಣಾವಧಿಯವರೇ ಆಗಬೇಕೆಂಬ ಕಾನೂನೂ ಇಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಂದ ಪೂರ್ಣಾವಧಿಯ ಹಣಕಾಸು ಮುಖ್ಯಸ್ಥರಾದ ಸಿಎಫ್‌ಒ, ಕಂಪನಿ ಕಾರ್ಯದರ್ಶಿಗಳನ್ನು ಕೇಳುತ್ತದೆಯೇ ಹೊರತು ಸಿಟಿಒ ಹುದ್ದೆಯನ್ನು ಕಡ್ಡಾಯ ಮಾಡಿಲ್ಲ. ಹಾಗೆಂದು ಎಲ್ಲರಿಗೂ ಇವರು ಬೇಕೆಂದಲ್ಲ: ಬಿಲ್ಲಿಂಗ್ ಯಂತ್ರವೊಂದೇ ಇರುವ ಅಂಗಡಿಗೆ ಬೇಡ, ಸಾಫ್ಟ್‌ವೇರನ್ನೇ ಮಾರುವ ಸಂಸ್ಥೆಗೆ ಅರೆಕಾಲಿಕರು ಸಾಲರು.

ಜನ ಸಿಗುವುದು ನಮ್ಮೂರಿನಲ್ಲಿ ಕಷ್ಟವಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರಲ್ಲಿ ಹದಿನೈದು, ಇಪ್ಪತ್ತು ವರ್ಷ ಅನುಭವದವರಿದ್ದಾರೆ. ಓಡಾಟ ಸಾಕಾಗಿ, ಊರಿನಲ್ಲೇ ಕುಳಿತು ಎರಡು ಮೂರು ಸಂಸ್ಥೆಗಳಿಗೆ ಕೆಲಸ ಮಾಡಬಯಸುವವರೂ ಇದ್ದಾರೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅವರು ಇನ್ನೂ ಬೇರೆಡೆ ಪೂರ್ಣಾವಧಿ ನೌಕರರಾಗಿದ್ದರೆ, ಹೊರಗಿನ ಕೆಲಸಕ್ಕೆ ಆ ಸಂಸ್ಥೆಯ ಲಿಖಿತ ಅನುಮತಿಯನ್ನು ತರಲು ಹೇಳಬೇಕು. ಸಂಕೋಚಪಟ್ಟು ಇದನ್ನು ಕೇಳದೆ ಬಿಡುವವರೇ ಹೆಚ್ಚು.

ಒಪ್ಪಂದದಲ್ಲಿ ದಿನ, ಗಂಟೆ, ಸಂಭಾವನೆಗಳ ಬಗ್ಗೆ ಪುಟಗಟ್ಟಲೆ ಬರೆದು, ಮುಖ್ಯವಾದದ್ದನ್ನೇ ಬಿಟ್ಟಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರರು ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ ಮಾಲೀಕರದ್ದು. ಆದರೆ ಹೊರಗಿನ ಸಲಹೆಗಾರರು ಬರೆದದ್ದು, ಲಿಖಿತವಾಗಿ ವರ್ಗಾಯಿಸದ ಹೊರತು, ಅವರದ್ದಾಗಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕಷ್ಟೇ ಎಂದೂ, ವ್ಯಾಪ್ತಿ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಕಾನೂನು ಭಾವಿಸುತ್ತದೆ. ವಿದೇಶಕ್ಕೆ ತೆಂಗಿನ ಉತ್ಪನ್ನ ಕಳುಹಿಸುವ ಇಲ್ಲಿನ ಘಟಕಗಳು ಈ ಎರಡು ಸಾಲುಗಳನ್ನು ಒಪ್ಪಂದದಲ್ಲಿ ಹುಡುಕಿ ನೋಡುವುದು ಒಳ್ಳೆಯದು.

ಇನ್ನೊಂದು, ಕಮಿಷನ್ನಿನ ವಿಷಯ. ತಾವು ಶಿಫಾರಸು ಮಾಡುವ ಯಾವುದೇ ಸಾಫ್ಟ್‌ವೇರ್, ಕ್ಲೌಡ್ ಅಥವಾ ಯಂತ್ರಾಂಶದ ಮಾರಾಟಗಾರರಿಂದ ಹಣ ಪಡೆಯುವುದಿಲ್ಲ ಎಂದು ಅವರು ಬರೆದುಕೊಡಬೇಕು. ಬರೆದುಕೊಡಲು ಹಿಂಜರಿಯುವವರು ಎಷ್ಟೇ ಬುದ್ಧಿವಂತರಾದರೂ ಅವರನ್ನು ಕಳಿಸಿಬಿಡಬೇಕೆಂಬುದು ನನ್ನ ಅಭಿಪ್ರಾಯ. ಮಾರಾಟಗಾರರ ಪ್ರತಿನಿಧಿಗಳಂತೂ ಬಾಗಿಲಿಗೆ ಪುಕ್ಕಟೆಯಾಗಿಯೇ ಬರುತ್ತಾರೆ.

ಇಷ್ಟೆಲ್ಲ ಮಾಡಿಯೂ ಏರ್ಪಾಟು ಸೋಲುವುದು ಒಳಗೆ ಆಳಿಲ್ಲದಾಗ. ಮಂಗಳವಾರ ಬಂದು ತೀರ್ಮಾನ ಕೊಟ್ಟು ಹೋದವರ ಮಾತನ್ನು ಬುಧವಾರದಿಂದ ಜಾರಿಗೆ ತರುವ ಒಬ್ಬರು ಘಟಕದಲ್ಲಿಯೇ ಇರಬೇಕು. ಮಾಲೀಕರು ತಿರಸ್ಕಾರದಿಂದ ಹೇಳುವ ಆ ಟ್ಯಾಲಿ ಹುಡುಗನೇ ಎಷ್ಟೋ ಕಡೆ ಇದಕ್ಕೆ ತಕ್ಕವನು, ಏಕೆಂದರೆ ಗೋದಾಮಿನ ಲೆಕ್ಕ ಎಲ್ಲಿ ತಪ್ಪುತ್ತದೆ, ಸೂಪರ್‌ವೈಸರು ಯಾವ ಎಂಟ್ರಿಯನ್ನು ಮರುದಿನ ಹಾಕುತ್ತಾರೆ ಎಂಬುದು ಅವನಿಗೆ ಗೊತ್ತಿರುತ್ತದೆ. ಅವನಿಗೆ ಸಂಬಳವನ್ನೂ ಅಧಿಕಾರವನ್ನೂ ಸ್ವಲ್ಪ ಹೆಚ್ಚಿಸಿ, ಸಿಟಿಒ ಜೊತೆ ಕೂರಿಸಬೇಕು.

ಡೊಮೇನ್ (ಜಾಲತಾಣದ ವಿಳಾಸ), ಕ್ಲೌಡ್ ಖಾತೆ, ಜಿಎಸ್‌ಟಿ ಪೋರ್ಟಲ್, ಇಮೇಲ್ ಇವೆಲ್ಲದರ ಮೂಲ ಖಾತೆಗಳು ಮೊದಲ ದಿನದಿಂದಲೇ ಸಂಸ್ಥೆಯ ಹೆಸರಿನಲ್ಲಿರಬೇಕು. ಸಿಟಿಒಗೆ ಪ್ರತ್ಯೇಕ ಲಾಗಿನ್ ಕೊಡಬೇಕು. ಅವರು ಕೆಲಸ ಬಿಡಲು ಒಂದು ತಿಂಗಳ ನೋಟಿಸ್ ಇಟ್ಟು, ಆ ಅವಧಿಯಲ್ಲಿ ಒಳಗಿನವರಿಗೆ ಕೆಲಸ ಒಪ್ಪಿಸಿ, ಕೊನೆಯ ದಿನ ತಮ್ಮ ಲಾಗಿನ್‌ಗಳನ್ನು ತಾವೇ ರದ್ದುಪಡಿಸಿ, ಅದರ ಪಟ್ಟಿಗೆ ಸಹಿ ಹಾಕಿಕೊಟ್ಟ ಮೇಲೆಯೇ ಕೊನೆಯ ಕಂತಿನ ಸಂಭಾವನೆ ಎಂದು ಬರೆದಿಟ್ಟರೆ ಇಬ್ಬರಿಗೂ ಕ್ಷೇಮ.