ಒಂಟಿ ಸೀಟಿನ ಬುಲೆಟ್ಟು, ಎರಡು ಡಜನ್ ಇಶಾಡ

ಮೇ ತಿಂಗಳು, ಶಿರಸಿ, ಬೆಳಗ್ಗೆ ಆರೂವರೆ. ಭಾವ ನನ್ನ ಬುಲೆಟ್ಟಿಗೆ ಒಂದು ಸುತ್ತು ಬಂದ, ಬಗ್ಗಿ ನೋಡಿದ, ಎದ್ದು ನಿಂತು ಕೇಳಿದ. "ಇದ್ರ ಮೇಲೆ ಆಯಿ ಎಲ್ಲಿ ಕೂತ್ಗತ್ತು?"

ಆಯಿ ಅಂದರೆ ಅಮ್ಮ. ಭಾವ ಅಂದರೆ ಅತ್ತೆ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ನಮ್ಮ ಮಧ್ಯೆ ಬಹುವಚನ ಇಲ್ಲ. ಅವನಿಗೆ ಕಾರವಾರದಲ್ಲಿ ಅರ್ಧ ಗಂಟೆಯ ಒಂದು ಕಚೇರಿ ಕೆಲಸ. ಬಸ್ಸಿಗೆ ಹೋಗುವುದು ಬಿಟ್ಟು ಇಬ್ಬರೂ ಬೈಕಲ್ಲಿ ಹೋಗೋಣ ಅಂತ ಹಟ ಹಿಡಿದವನು ನಾನು. ಒಂದೇ ಬೈಕ್ ಸಾಕಲ್ವಾ ಅಂದ. ಸಾಕಾಗುವುದಿಲ್ಲ, ಯಾಕೆಂದರೆ ನನ್ನದರಲ್ಲಿ ಇರುವುದು ಒಂದೇ ಸೀಟು.

ನನ್ನದು 2008ರ ರಾಯಲ್ ಎನ್‌ಫೀಲ್ಡ್ ಬುಲೆಟ್ ಎಲೆಕ್ಟ್ರಾ, ಕೆಎ 31. ಎರಡು ವರ್ಷದ ಹಿಂದೆ ಅದನ್ನು ಕೆಫೆ ರೇಸರ್ ಮಾಡಿಸಿದೆ, ಅಂದರೆ ಮುಂದಕ್ಕೆ ಬಾಗಿ ಓಡಿಸುವ ಹಳೇ ರೇಸ್ ಬೈಕಿನ ಆಕಾರ. ಉದ್ದ ಹ್ಯಾಂಡಲ್ ತೆಗೆಸಿ ಫೋರ್ಕಿಗೆ ಕೆಳಗಡೆ ಕಚ್ಚಿಕೊಂಡು ನಿಲ್ಲುವ ಎರಡು ತುಂಡು ಹ್ಯಾಂಡಲ್, ಅದಕ್ಕೆ ಕ್ಲಿಪ್ ಆನ್ ಅಂತಾರೆ. ಕಾಲಿಡುವ ಜಾಗ ಒಂದು ಗೇಣು ಹಿಂದಕ್ಕೆ. ಹಿಂದೆ ಗೂನು ಇರುವ ಒಂಟಿ ಸೀಟು. ಮಡ್‌ಗಾರ್ಡ್ ಅರ್ಧ. ಕನ್ನಡಿ ಹ್ಯಾಂಡಲಿನ ತುದಿಗೆ. ಸೈಲೆನ್ಸರ್ ಮಾತ್ರ ಕಂಪನಿಯದೇ ಇಟ್ಟುಕೊಂಡಿದ್ದೇನೆ, ನಮ್ಮ ಕೇರಿಯಲ್ಲಿ ವಯಸ್ಸಾದವರು ಜಾಸ್ತಿ.

ಭಾವನದು ಸ್ಪ್ಲೆಂಡರ್. ಹಿಂದೆ ಕಬ್ಬಿಣದ ಕ್ಯಾರಿಯರ್, ಅದಕ್ಕೆ ಹಳೇ ಟ್ಯೂಬ್ ಸೀಳಿ ಮಾಡಿದ ಪಟ್ಟಿ. ಆ ಗಾಡಿ ಮೇಲೆ ಅಡಿಕೆ ಚೀಲ, ಹಿಂಡಿ ಮೂಟೆ, ಗ್ಯಾಸ್ ಸಿಲಿಂಡರ್, ಒಂದು ಸಲ ಕರುವೂ ಹೋಗಿದೆ. ನಮ್ಮ ಕಡೆ ಬೈಕ್ ಅನ್ನುವುದು ಒಬ್ಬನ ಸ್ವತ್ತಲ್ಲ ಅಂತ ಅವನ ವಾದ. ಬಸ್ಸು ಊರೊಳಗೆ ಬರುವುದಿಲ್ಲ. ಆಯಿಯನ್ನು ಬಸ್ ಸ್ಟಾಪಿಗೆ ಬಿಡಬೇಕು, ಪಕ್ಕದ ಮನೆ ಹುಡುಗಿಯನ್ನು ಪರೀಕ್ಷೆಗೆ ಬಿಡಬೇಕು. ಸೀಟು ಕಿತ್ತು ಹಾಕಿದ್ದೀಯ ಅಂದರೆ ನೀನು ಊರಿಂದ ರಾಜೀನಾಮೆ ಕೊಟ್ಟ ಹಾಗೆ ಅಂದ. ಅದಕ್ಕೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಕಿಕ್ ಹೊಡೆದೆ.

ಶಿರಸಿಯಿಂದ ಕಾರವಾರಕ್ಕೆ ದೇವಿಮನೆ ಘಟ್ಟ ಇಳಿದು ಹೋದರೆ ಹತ್ತಿರ ಹತ್ತಿರ 120 ಕಿಲೋಮೀಟರ್. ಬಂಡಲ, ರಾಗಿಹೊಸಳ್ಳಿ ತನಕ ಸ್ವರ್ಗ. ತಣ್ಣನೆ ಗಾಳಿ, ಎರಡೂ ಕಡೆ ಕಾಡು, ಬೈಕ್ ತಾನೇ ವಾಲುತ್ತಿತ್ತು. ಘಟ್ಟ ಶುರುವಾದದ್ದೇ ನನ್ನ ಮಣಿಕಟ್ಟಿನ ಕಥೆಯೂ ಶುರುವಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಫೋಟೋ ನೋಡಿ ಮಾಡಿಸಲು ಹೊರಟವರಿಗೆ ಯಾರೂ ಇದನ್ನು ಹೇಳುವುದಿಲ್ಲ. ಈ ಬೈಕಿನಲ್ಲಿ ಕೂತವನು ಮುಂದಕ್ಕೆ ಬಾಗಿರುತ್ತಾನೆ, ಅರ್ಧ ಮೈಭಾರ ಅಂಗೈ ಮೇಲೆ. ವೇಗ ಇದ್ದಾಗ ಎದುರು ಗಾಳಿ ಎದೆಗೆ ಹೊಡೆದು ಆ ಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಹಾಗಾಗಿ ನೇರ ರಸ್ತೆಯಲ್ಲಿ ಆರಾಮ. ಘಟ್ಟದಲ್ಲಿ 25ರಲ್ಲಿ ಇಳಿಯುವಾಗ ಗಾಳಿಯೂ ಇಲ್ಲ, ಇಳಿಜಾರಿಗೆ ಮೈ ಇನ್ನೂ ಮುಂದಕ್ಕೆ ಜಾರುತ್ತದೆ, ಅದರ ಮೇಲೆ ಬ್ರೇಕು. ಪೂರ್ತಿ ಮನುಷ್ಯ ಎರಡು ಹೆಬ್ಬೆರಳಿನ ಬುಡದಲ್ಲಿ ನಿಂತಿರುತ್ತಾನೆ. ಸಾಲದ್ದಕ್ಕೆ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಬೆರಳು ಟ್ಯಾಂಕಿಗೆ ತಾಗುತ್ತದೆ. ಒಂದು ಹಿಮ್ಮುರಿ ತಿರುವಿನಲ್ಲಿ ಎದುರು ಲಾರಿ ಬಂತು, ನಾನು ತಿರುಗಿಸಲಾಗದೆ ನಿಂತುಬಿಟ್ಟೆ, ಕಾಲಲ್ಲಿ ತಳ್ಳಿಕೊಂಡು ಹಿಂದೆ ಬಂದೆ. ಭಾವ ಪಕ್ಕದಲ್ಲೇ ಒಂದು ಕೈಯಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತ ಇಳಿದು ಹೋದ.

ಕತಗಾಲದಲ್ಲಿ ಚಹಾಕ್ಕೆ ನಿಂತೆವು. ಕೈ ಕೊಡವುತ್ತಿದ್ದೆ. ಇದಕ್ಕೆ ಕೆಫೆ ಅಂತ ಯಾಕೆ ಹೆಸರು ಅಂದ ಭಾವ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಏಸ್ ಕೆಫೆ ಅಂತ ಒಂದಿತ್ತು, 1938ರಲ್ಲಿ ಲಾರಿ ಡ್ರೈವರುಗಳಿಗೆ ಅಂತ ತೆರೆದದ್ದು. 50ರ, 60ರ ದಶಕದ ಹುಡುಗರು ಅಲ್ಲಿ ಸೇರಿ ಬೈಕ್ ಓಡಿಸುತ್ತಿದ್ದರು. ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಮುಟ್ಟಿದರೆ ಗಂಡಸು ಅಂತ ಲೆಕ್ಕ. ಬೇಡದ್ದೆಲ್ಲ ಕಿತ್ತೆಸೆದು ಬೈಕ್ ಹಗುರ ಮಾಡುತ್ತಿದ್ದರು. ನಾರ್ಟನ್ ಬೈಕಿನ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಟ್ರೈಟನ್ ಅಂತ ಕರೆದರು. ಅಂದರೆ ಆಗ ಈ ಆಕಾರ ಶೋಕಿಯಲ್ಲ, ವೇಗಕ್ಕೆ ಬೇಕಾದ ಉಪಾಯ. ಇಷ್ಟನ್ನೂ ನಾನು ಉತ್ಸಾಹದಲ್ಲಿ ಹೇಳಿದೆ.

"ನಿಂದು 160 ಹೋಗ್ತಾ?"

90 ದಾಟಿದರೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ಅಷ್ಟು ನಡುಗುತ್ತದೆ ಅಂದೆ. ಭಾವ ಚಹಾ ಲೋಟ ಕೆಳಗಿಟ್ಟು ನಕ್ಕ ನಗುವಿಗೆ ಅಂಗಡಿಯವರೂ ತಿರುಗಿ ನೋಡಿದರು.

ದೀವಗಿಯಲ್ಲಿ ಹೆದ್ದಾರಿ 66 ಸಿಕ್ಕಿತು, ಅಘನಾಶಿನಿ ದಾಟಿದೆವು, ಮಿರ್ಜಾನ್ ಕೋಟೆಗೆ ಬರುವಾಗ ಹೋಗೋಣ ಅಂದುಕೊಂಡೆವು, ಹೋಗಲಿಲ್ಲ. ಇಲ್ಲಿ ಮಾತ್ರ ನನ್ನ ಕಾಲ. 75ರಲ್ಲಿ ಗಾಳಿ ಎದೆ ಹಿಡಿದುಕೊಂಡಿತು, ಮಣಿಕಟ್ಟು ಮರೆತೇಹೋಯಿತು. ಶಿರೂರಿನ ಹತ್ತಿರ ಇಬ್ಬರೂ ತಾವಾಗಿಯೇ ನಿಧಾನ ಮಾಡಿದೆವು. 2024ರ ಜುಲೈ 16ರಂದು ಗುಡ್ಡ ಜರಿದು ರಸ್ತೆ ಬದಿಯ ಚಹಾ ಅಂಗಡಿ, ಅಂಗಡಿಯ ಮನೆಮಂದಿ, ನಿಂತಿದ್ದ ಲಾರಿ ಎಲ್ಲ ಹೋದ ಜಾಗ ಅದು. ಗಂಗಾವಳಿ ಪಕ್ಕದಲ್ಲೇ ಸುಮ್ನೆ ಹರಿಯುತ್ತಿತ್ತು. ಅಂಕೋಲೆ ಬರುವ ತನಕ ಭಾವ ಹಾರ್ನ್ ಕೂಡ ಮಾಡಲಿಲ್ಲ.

ಬಿಣಗಾ ದಾಟಿ ಕಾರವಾರಕ್ಕೆ ಹೋಗುವ ಸುರಂಗ ಬಂತು. ಬುಲೆಟ್ಟಿನ ಡುಗು ಡುಗು ನಾಲ್ಕೂ ಕಡೆಯಿಂದ ವಾಪಸ್ ಬಂದು ಕಿವಿಗೆ ಬೀಳುತ್ತಿತ್ತು. ಬೇಕಂತಲೇ ಒಂದು ಗೇರ್ ಇಳಿಸಿದೆ, ಸುಳ್ಳು ಯಾಕೆ ಹೇಳಲಿ.

ಕಚೇರಿ ಕೆಲಸ ಅರ್ಧ ಗಂಟೆಯದು ಎರಡೂವರೆ ಗಂಟೆ ಹಿಡಿಯಿತು. ನಾನು ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರ ಬೈಕ್ ನಿಲ್ಲಿಸಿ ಕಾದೆ. ಹಡಗು ನೋಡಲು ಬಂದವರಲ್ಲಿ ಮೂವರು ನನ್ನ ಬೈಕ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಭಾವ ಬರುವ ಹೊತ್ತಿಗೆ ಬೆಳಗಾವಿ ಕಡೆಯ ಒಬ್ಬ ಹುಡುಗ ತನ್ನ ಕಾಂಟಿನೆಂಟಲ್ ಜಿಟಿ 650 ತಂದು ಪಕ್ಕದಲ್ಲಿ ನಿಲ್ಲಿಸಿದ. ಅದು ರಾಯಲ್ ಎನ್‌ಫೀಲ್ಡ್ ಕಂಪನಿಯೇ ಮಾಡಿದ ಕೆಫೆ ರೇಸರ್, 2018ರಲ್ಲಿ ಬಂದದ್ದು. 648 ಸಿಸಿ, ಜೋಡಿ ಸಿಲಿಂಡರ್, 47 ಬಿಎಚ್‌ಪಿ. ಕ್ಲಿಪ್ ಆನ್ ಇದೆ, ಹಿಂದೆ ಸರಿದ ಫುಟ್‌ರೆಸ್ಟ್ ಇದೆ, ಚಕ್ರ ಜಾಮ್ ಆಗದ ಎಬಿಎಸ್ ಬ್ರೇಕ್ ಇದೆ.

ಹುಡುಗ ಸೌಮ್ಯವಾಗಿಯೇ ಕೇಳಿದ. "ಸರ್, ಆರ್‌ಸಿ ರಿನ್ಯೂ ಹೆಂಗ್ ಮಾಡ್ಸ್ತೀರಿ?"

ಸರಿಯಾದ ಜಾಗಕ್ಕೇ ಚುಚ್ಚಿದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ನಾನು ಫ್ರೇಮ್ ಕೊಯ್ಯಿಸಿಲ್ಲ, ಎಲ್ಲವೂ ಬೋಲ್ಟ್ ಬಿಚ್ಚಿ ಹಾಕಿದ್ದು. ಹದಿನೈದು ವರ್ಷದ ಆರ್‌ಸಿ 2023ರಲ್ಲಿ ಮುಗಿದಾಗ ನವೀಕರಣ ಮಾಡಿಸಿಕೊಂಡೇ ಗ್ಯಾರೇಜಿಗೆ ಕೊಟ್ಟದ್ದು. ಹಳೇ ಸೀಟು, ಹ್ಯಾಂಡಲ್, ಮಡ್‌ಗಾರ್ಡ್ ಮನೆ ಅಟ್ಟದ ಮೇಲೆ ಗೋಣಿಯಲ್ಲಿವೆ, 2028ಕ್ಕೆ ಮತ್ತೆ ಕೆಳಗಿಳಿಯುತ್ತವೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ಆ ಜಿಟಿಯನ್ನು ಎಷ್ಟು ಹೊತ್ತು ನೋಡಿದರೂ ನನಗೆ ಆಸೆ ಹುಟ್ಟಲಿಲ್ಲ. ಚಂದದ ಗಾಡಿ, ನನ್ನದಕ್ಕಿಂತ ಎಲ್ಲದರಲ್ಲೂ ಮೇಲು. ಅಂಥದ್ದೇ ಇನ್ನೊಂದು ಹುಬ್ಬಳ್ಳಿಯಲ್ಲೂ ಇದೆ, ಅಷ್ಟೇ.

ಭಾವ ಕೇಳದೆಯೇ ಹೋಗಿ ಜಿಟಿಯ ಹಿಂದಿನ ಸೀಟಲ್ಲಿ ಕೂತು ನೋಡಿದ. "ಇಲ್ಲಿ ಆಯಿ ಕೂರ್ಲಕ್ಕು" ಅಂದ. ಆಮೇಲೆ ಟ್ಯಾಂಕ್ ಎಷ್ಟು, ಮೈಲೇಜ್ ಎಷ್ಟು ಅಂತ ಕೇಳಿ ಲೆಕ್ಕ ಹಾಕಿದ. ಹನ್ನೆರಡೂವರೆ ಲೀಟರಿಗೆ ಅದು 300 ಹೋದರೆ ಹತ್ತು ಲೀಟರಿಗೆ ತನ್ನ ಸ್ಪ್ಲೆಂಡರ್ 600 ಹೋಗುತ್ತದೆ ಅಂದ. ಹುಡುಗ ನಕ್ಕ, ನಾನೂ ನಕ್ಕೆ, ಭಾವ ನಗಲಿಲ್ಲ.

ವಾಪಸ್ ಬರುವಾಗ ಅಂಕೋಲೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕರಿ ಇಶಾಡ ಮಾವು. 2023ರಲ್ಲಿ ಇದಕ್ಕೆ ಜಿಐ, ಅಂದರೆ ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು, ಅದಕ್ಕೆ ಮೊದಲೂ ಅಷ್ಟೇ ರುಚಿ ಇತ್ತು. ಎರಡು ಡಜನ್ ತೆಗೆದುಕೊಂಡೆ, ದುಡ್ಡು ಕೊಟ್ಟೆ, ಚೀಲ ಹಿಡಿದು ಬೈಕ್ ಹತ್ತಿರ ಬಂದು ನಿಂತೆ. ಹ್ಯಾಂಡಲಿಗೆ ನೇತುಹಾಕಿದರೆ ಟೈರಿಗೆ ತಾಗುತ್ತದೆ. ಟ್ಯಾಂಕ್ ಮೇಲಿಟ್ಟರೆ ಎದೆ ಬಾಗುವುದಿಲ್ಲ. ಸೀಟಿನ ಗೂನಿಗೆ ಕಟ್ಟಲು ಹಗ್ಗ ಸಿಕ್ಕಿಸುವ ಒಂದು ತೂತೂ ಇಲ್ಲ. ಆ ಹೆಂಗಸು ನೋಡುತ್ತಿದ್ದಳು, "ಇದೆಂತ ಗಾಡಿ ತಮ್ಮ, ಅರ್ಧವೇ ಐತಲ" ಅಂದಳು.

ಭಾವ ಏನೂ ಹೇಳದೆ ಚೀಲ ತೆಗೆದುಕೊಂಡು ಕ್ಯಾರಿಯರಿಗಿಟ್ಟು ರಬ್ಬರ್ ಪಟ್ಟಿ ಎಳೆದು ಕಟ್ಟಿದ. ಕಟ್ಟಿದ ಮೇಲೆ ಅವನ ಕೀ ನನ್ನ ಕೈಗೆ ಕೊಟ್ಟ, ನನ್ನದಕ್ಕೆ ಕೈ ಚಾಚಿದ. ಒಂದು ಸಲ ನೋಡ್ತೆ ಅಂದ, ಕತಗಾಲದ ತನಕ.

ಹೆದ್ದಾರಿಯಲ್ಲಿ ಅವನು ನನ್ನ ಮುಂದೇ ಇದ್ದ, ಅಂಗಿ ಬಲೂನಿನ ಹಾಗೆ ಉಬ್ಬಿಕೊಂಡು. ಕತಗಾಲದಲ್ಲಿ ನಿಲ್ಲಲಿಲ್ಲ. ಘಟ್ಟ ಹತ್ತುವಾಗ ಕಣ್ಮರೆಯಾದ. ಏರುವಾಗ ಮೈಭಾರ ಹಿಂದಕ್ಕೆ ಬೀಳುತ್ತದೆ, ಮಣಿಕಟ್ಟಿಗೆ ಬಿಡುವು, ನಾನೇ ಹೇಳಿಕೊಟ್ಟಿದ್ದು. ಸ್ಪ್ಲೆಂಡರ್ ಮೂರನೇ ಗೇರಿನಲ್ಲಿ ಉಸಿರು ಬಿಡುತ್ತ ಹತ್ತಿತು, ಬೆನ್ನ ಹಿಂದಿಂದ ಮಾವಿನ ಪರಿಮಳ, ಸೀಟು ಎಷ್ಟು ಮೆತ್ತಗಿತ್ತು ಅಂದರೆ ನನಗೆ ಸಿಟ್ಟು ಬಂತು.

ದೇವಿಮನೆ ದೇವಸ್ಥಾನದ ಹತ್ತಿರ ಬುಲೆಟ್ ನಿಂತಿತ್ತು. ಭಾವ ಕಟ್ಟೆ ಮೇಲೆ ಕೂತು ಎರಡೂ ಕೈ ಕೊಡವುತ್ತಿದ್ದ.

"ಬೆನ್ನು ಹೋತು ಮಾರಾಯ. ಸೀಟು ಒಂದು ಉದ್ದ ಮಾಡ್ಸು."

ಸೀಟು ಉದ್ದ ಮಾಡಿಸಿದರೆ ಅದು ಕೆಫೆ ರೇಸರ್ ಅಲ್ಲ ಅಂದೆ. ಹಾಗಾದರೆ ಬೇಡ ಅಂದ. ಕತ್ತಲಾಗುತ್ತಿತ್ತು. ಕೀ ಕೊಡು ಅಂತ ಕೈ ಚಾಚಿದೆ.

"ಇರ್ಲಿ, ಶಿರಸಿ ತನಕ ಆನೇ ತತ್ತಿ" ಅಂದು ಕಿಕ್ ಹೊಡೆದ.