ನೀ ಇಲ್ಲಿದ್ರ ಮನಿಯಾಗ ಯಾರವ್ವಾ?

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿದರು. "ಅಕ್ಕಾರ, ನೀವು ಸೇರಿಸಿದ್ರಲ್ಲ ಆ ತಾಯಿ, ಕೂಸು ಎತ್ಗೊಂಡು ಹೋಗಿಬಿಟ್ಟಾಳ್ರಿ. ಮಂಚ ಖಾಲಿ ಐತಿ." ಸೇರಿಸಿ ಆಗಿದ್ದು ಮೂರೇ ರಾತ್ರಿ. ಹದಿನಾಲ್ಕು ದಿನ ಇರಬೇಕಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ಸಲ ಊರಿಗೆ ಅಲೆದು, ಗಂಡನನ್ನು ಒಪ್ಪಿಸಿ, ಆಧಾರ್ ಕಾರ್ಡು ಹುಡುಕಿಸಿ, ಕರೆದುಕೊಂಡು ಬಂದು ಮಲಗಿಸಿದರೆ ಹೀಗೆ ಮಾಡುವುದೇ? ಆ ಸಿಟ್ಟಿನಲ್ಲೇ ದೇವದುರ್ಗದ ಬಸ್ಸು ಹತ್ತಿದೆ.

ನಾನು ರಾಯಚೂರು ಜಿಲ್ಲೆಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಸ್ವಯಂಸೇವಕರನ್ನು ಹೊಂದಿಸುವ ಕೆಲಸ ಮಾಡುತ್ತೇನೆ. ಸಂಬಳ ಇರುವುದು ನನಗೆ ಮತ್ತು ಇನ್ನೊಬ್ಬರಿಗೆ ಮಾತ್ರ. ಉಳಿದವರೆಲ್ಲ ತಮ್ಮ ಹೊತ್ತು ಬಿಟ್ಟು ಬರುವವರು: ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರು, ಇಬ್ಬರು ನಿವೃತ್ತ ಮಾಸ್ತರು, ಬಟ್ಟೆ ಹೊಲಿಯುವ ಒಬ್ಬ ಅಕ್ಕ, ಔಷಧಿ ಅಂಗಡಿಯ ಒಬ್ಬರು. ಭಾನುವಾರ ಹಳ್ಳಿಗೆ ಹೋಗುತ್ತೇವೆ. ಊರಿನ ಅಂಗನವಾಡಿ ಟೀಚರ್ ಮುಂದೆ, ನಾವು ಹಿಂದೆ. ಬಸುರಿ ಬಾಣಂತಿಯರನ್ನು ಮಾತಾಡಿಸುವುದು, ಗಂಡ ಸತ್ತವರ ಪಿಂಚಣಿ ನಿಂತಿದ್ದರೆ ಅರ್ಜಿ ಬರೆದುಕೊಡುವುದು, ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗುವುದು, ಚಿಕ್ಕ ಮಕ್ಕಳ ತೋಳು ಅಳೆಯುವುದು.

ಆ ತೋಳಿನ ಪಟ್ಟಿಯ ಬಗ್ಗೆ ಹೇಳಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿಗೆ, ಭುಜ ಮತ್ತು ಮೊಣಕೈಯ ನಟ್ಟನಡುವೆ ಸುತ್ತುವ ಪಟ್ಟಿ ಅದು. 12.5 ಸೆಂಟಿಮೀಟರ್ ಇದ್ದರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು. 11.5ರಿಂದ 12.5ರ ನಡುವೆ ಹಳದಿ. 11.5ಕ್ಕಿಂತ ಕೆಳಗೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಕೆಂಪಿನ ಮಕ್ಕಳಿಗೆಲ್ಲ ಆಸ್ಪತ್ರೆ ಬೇಕಾಗುವುದಿಲ್ಲ. ಹಸಿವು ಸತ್ತಿದ್ದರೆ, ಜ್ವರ ಭೇದಿ ಇದ್ದರೆ, ಪಾದ ಊದಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸೇರಿಸಲೇಬೇಕು. ನಮ್ಮ ಕಡೆ ಎಲ್ಲರೂ ಎನ್‌ಆರ್‌ಸಿ ಅಂತಲೇ ಅನ್ನುತ್ತಾರೆ. ನಾನು ಹೇಳುತ್ತಿರುವ ಕೂಸಿಗೆ ಒಂದೂವರೆ ವರ್ಷ. ತೋಳು 10.8. ಕೈಯಲ್ಲಿ ಬಿಸ್ಕತ್ತು ಕೊಟ್ಟರೂ ಬಾಯಿಗೆ ಒಯ್ಯುತ್ತಿರಲಿಲ್ಲ.

ಎನ್‌ಆರ್‌ಸಿಯಲ್ಲಿ ಮೊದಲ ಕೆಲವು ದಿನ ತೂಕ ಏರುವುದಿಲ್ಲ. ಆಗ ಕೊಡುವ ಎಫ್-75 ಎಂಬ ಹಾಲು ಮಗುವನ್ನು ದಪ್ಪ ಮಾಡುವುದಕ್ಕಲ್ಲ, ಉಳಿಸುವುದಕ್ಕೆ. ಮೈ ತಣ್ಣಗಾಗದಂತೆ, ಸಕ್ಕರೆ ಅಂಶ ಇಳಿಯದಂತೆ, ಸೋಂಕು ಹೆಚ್ಚದಂತೆ ನೋಡುತ್ತಾ ಎರಡೆರಡು ಗಂಟೆಗೆ, ರಾತ್ರಿಯೂ, ಸ್ವಲ್ಪ ಸ್ವಲ್ಪ ಕುಡಿಸುತ್ತಾರೆ. ಹಸಿವು ತೆರೆದುಕೊಂಡ ಮೇಲೆ ಎಫ್-100, ಆಮೇಲೆ ಊಟ. ಬಾವು ಇದ್ದ ಮಗು ಮೊದಲು ತೂಕ ಕಳೆದುಕೊಳ್ಳುವುದೂ ಉಂಟು. ಇದನ್ನು ನಾವು ತಾಯಿಗೆ ಬಿಡಿಸಿ ಹೇಳಿರಲಿಲ್ಲ. "ಹದಿನಾಕು ದಿನ ಇರು, ಕೂಸು ಆರಾಮಾಗ್ತೈತಿ" ಅಂದಿದ್ದೆವು, ಅಷ್ಟೇ. ಮೂರು ದಿನ ತಕ್ಕಡಿ ನೋಡಿದ ತಾಯಿಗೆ ಏನನ್ನಿಸಿರಬೇಕು? ಆದರೆ ಅವಳು ಹೋದದ್ದು ಆ ಕಾರಣಕ್ಕೂ ಅಲ್ಲ.

ಮನೆಯ ಮುಂದೆ ನಾಲ್ಕು ವರ್ಷದ ಹುಡುಗ ಒಬ್ಬನೇ ಕೂತಿದ್ದ. ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದಳು, ಕೂಸು ಮಗ್ಗುಲಲ್ಲಿ ಮಲಗಿತ್ತು. ನಾನು ಏನೂ ಕೇಳುವ ಮೊದಲೇ, "ಬೈಬ್ಯಾಡ ಯಕ್ಕ" ಅಂದಳು. ಹಿರಿ ಮಗಳು ಎಲ್ಲಿ ಅಂತ ಕೇಳಿದೆ. ಹನ್ನೊಂದು ವರ್ಷದ ಹುಡುಗಿ, ಐದನೆಯ ಕ್ಲಾಸು. ಹಿಂದಿನ ಸಲ ಬಂದಾಗ ನನ್ನ ನೋಟುಪುಸ್ತಕ ಇಸಕೊಂಡು ಊರಿನ ಹೆಸರನ್ನು ಚಂದಗೆ ಬರೆದುಕೊಟ್ಟಿದ್ದಳು.

"ಹತ್ತಿ ಬಿಡಿಸಾಕ ಹೋಗ್ಯಾಳ. ನನ್ನ ಪಾಳಿಗೆ."

ಹೊಲಕ್ಕೆ ಕೂಲಿ ಆಳು ಕರೆದೊಯ್ಯುವ ಮೇಸ್ತ್ರಿಯ ಹತ್ತಿರ ಮುಂಗಡ ತಿಂದಿದ್ದರು. ದೀಪಾವಳಿಗೆ ಮುಂಚೆ ಗಂಡನಿಗೆ ಹುಷಾರಿಲ್ಲದಾಗ ತೆಗೆದುಕೊಂಡ ದುಡ್ಡು. ಹತ್ತಿ ಒಡೆದ ದಿನದಿಂದ ಮುಗಿಯುವ ತನಕ ಈ ಮನೆಯಿಂದ ಒಂದು ಆಳು ಬರಬೇಕು ಅಂತ ಮಾತು. ನಾವು ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮರುದಿನ ಬೆಳಿಗ್ಗೆ ಆಳುಗಳನ್ನು ಒಯ್ಯುವ ಟಂಟಂ ಆಟೊ ಮನೆ ಮುಂದೆ ನಿಂತಿತು. ಶಾಲೆಯ ಚೀಲ ಗೂಟಕ್ಕೆ ಹಾಕಿ ಮಗಳು ಹತ್ತಿದಳು. ಮೂರು ದಿನ ಹೋದಳು. ಹತ್ತಿಕಾಯಿಯ ತೊಗಟೆಯ ತುದಿ ಒಣಗಿದರೆ ಮುಳ್ಳಿನಂತೆ ಚುಚ್ಚುತ್ತದೆ, ರೂಢಿಯಿದ್ದವರಿಗೂ ಉಗುರಿನ ಸಂದಿಯಲ್ಲಿ ರಕ್ತ ಬರುತ್ತದೆ. ಊರವರ್ಯಾರೋ ಆಸ್ಪತ್ರೆಗೆ ಬಂದಾಗ ತಾಯಿಗೆ ಈ ಸುದ್ದಿ ಮುಟ್ಟಿಸಿದ್ದಾರೆ. ಅವಳು ಎದ್ದು ಬಂದಳು.

"ಒಂದು ಕೂಸು ಉಳಿಸಾಕ ಇನ್ನೊಂದು ಕೂಸಿನ ಕೈ ಕಿತ್ತಿದಂಗ ಆತಲ್ಲ ಯಕ್ಕ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಹೊತ್ತು ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ನಾವು ಪುಕ್ಕಟೆ ಅಂದುಕೊಂಡಿದ್ದ ನೆರವಿಗೆ ಬೆಲೆ ಇತ್ತು. ಅದನ್ನು ಕಟ್ಟಿದವಳು ಹನ್ನೊಂದು ವರ್ಷದ ಹುಡುಗಿ. ನಮ್ಮ ವರದಿಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ.

ವರದಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. 2018ರಲ್ಲಿ ರಾಯಚೂರು ದೇಶದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ, ಅಂದರೆ ಹಿಂದುಳಿದಿವೆ ಅಂತ ಕೇಂದ್ರ ಸರ್ಕಾರ ವಿಶೇಷ ಗಮನ ಕೊಡುವ ಜಿಲ್ಲೆಗಳ ಪಟ್ಟಿಗೆ, ಸೇರಿತು. ಅಪೌಷ್ಟಿಕ ಮಕ್ಕಳ ಅಂಕಿ ಅಂದರೆ ಇಲ್ಲಿ ಎಲ್ಲರ ಕಣ್ಣೂ ಅದರ ಮೇಲೆಯೇ. ನಾವೂ ಎಷ್ಟು ಮಕ್ಕಳನ್ನು ಅಳೆದೆವು, ಎಷ್ಟು ಮಕ್ಕಳನ್ನು ಸೇರಿಸಿದೆವು ಅಂತ ಬರೆಯುತ್ತಿದ್ದೆವು. ಸೇರಿಸಿದ ತಾಯಂದಿರಲ್ಲಿ ಎಷ್ಟು ಜನ ಕೊನೆಯ ತನಕ ಇದ್ದರು, ಹೋದವರು ಯಾಕೆ ಹೋದರು ಅಂತ ಬರೆಯಲು ಖಾನೆಯೇ ಇರಲಿಲ್ಲ. ಆ ನಮೂನೆ ಮಾಡಿದವಳು ನಾನೇ. ಅವತ್ತು ರಾತ್ರಿ ಹಳೆಯ ಪುಸ್ತಕಗಳನ್ನು ತೆಗೆದು, ಅರ್ಧಕ್ಕೇ ಎದ್ದು ಹೋದ ತಾಯಂದಿರನ್ನು ನೆನಪಿನಿಂದಲೇ ಗುರುತು ಹಾಕುತ್ತಾ ಹೋದೆ. ಬಹಳ ಮಂದಿ ಹತ್ತಿ, ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲೇ ಹೋದವರು. ಅವರನ್ನೆಲ್ಲ ನಾವು "ತಿಳುವಳಿಕೆ ಕಡಿಮೆ" ಅಂತ ಬರೆದು ಮುಗಿಸಿದ್ದೆವು. ಆ ಎರಡು ಪದಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎನ್‌ಆರ್‌ಸಿಯಲ್ಲಿ ತಾಯಿಗೆ ಊಟ ಉಂಟು, ಕೂಲಿ ನಷ್ಟಕ್ಕೆ ಪರಿಹಾರವೂ ಉಂಟು. ಅದು ಒಳ್ಳೆಯ ವ್ಯವಸ್ಥೆ, ಅದಿಲ್ಲದಿದ್ದರೆ ಯಾರೂ ಬರುತ್ತಲೇ ಇರಲಿಲ್ಲ. ಆದರೆ ಅದು ಖಾತೆಗೆ ಬೀಳುವ ದುಡ್ಡು. ಮೇಸ್ತ್ರಿ ಕೇಳುವುದು ನಾಳೆ ಬೆಳಿಗ್ಗೆಯ ಆಳನ್ನು. ಶಕ್ತಿ ಯೋಜನೆಯ ಮೇಲೆ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ ಹೋಗಿ ಬರುವುದು ಎಷ್ಟೋ ಹಗುರಾಯಿತು. ಟಿಕೆಟ್ ಉಳಿದರೂ ಆ ದಿನದ ಕೂಲಿ ಮಾತ್ರ ಉಳಿಯುವುದಿಲ್ಲ. ಒಂದು ಪಿಂಚಣಿ ಅರ್ಜಿಗೆ ಮೂರು ಸಲ ಅಲೆದರೆ ಮೂರು ದಿನದ ಕೂಲಿ ಹೋಯಿತು. ಈ ಲೆಕ್ಕವನ್ನು ಹಳ್ಳಿಯ ಪ್ರತಿ ಹೆಂಗಸೂ ಮನಸ್ಸಿನಲ್ಲೇ ಹಾಕಿ ನಮಗೆ "ನೋಡೋಣ ತಗೋರಿ" ಅನ್ನುತ್ತಾಳೆ. ನಾವದನ್ನು ಅಸಡ್ಡೆ ಅಂದುಕೊಳ್ಳುತ್ತೇವೆ.

ಮುಂದಿನ ಭಾನುವಾರ ಎಲ್ಲರೂ ಸೇರಿದಾಗ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗರು ತಕ್ಷಣ, ಎಲ್ಲರೂ ದುಡ್ಡು ಹಾಕಿ ಮುಂಗಡ ತೀರಿಸೋಣ ಅಂದರು. ನನಗೂ ಹಾಗೇ ಅನ್ನಿಸಿತ್ತು. ನಿವೃತ್ತ ಮಾಸ್ತರೊಬ್ಬರು ತಲೆ ಅಲ್ಲಾಡಿಸಿದರು. "ಈ ವರ್ಷ ನೀವು ತೀರಿಸ್ತೀರಿ. ಮುಂದಿನ ವರ್ಷ ನಿಮ್ಮನ್ನ ನೋಡೇ ಅವ ಮುಂಗಡ ಕೊಡ್ತಾನ. ಆ ದುಡ್ಡು ಹಾಕೋ ಬದಲಿ ಹೋಗಿ ಮಾತಾಡ್ರಿ." ಅವರೇ ನನ್ನ ಜೊತೆ ಬಂದರು. ಮೇಸ್ತ್ರಿ ನಾನು ಅಂದುಕೊಂಡಂಥ ಮನುಷ್ಯ ಆಗಿರಲಿಲ್ಲ. ಅವನಿಗೂ ಮೇಲೆ ಹೊಲದ ಸಾಹುಕಾರ. ಆಳು ಕಡಿಮೆಯಾದರೆ ಇವನ ಮಾತು ಹೋಗುತ್ತದೆ. ಮಾಸ್ತರು ಎರಡು ಮಾತು ಹೇಳಿದರು. ಒಂದು ಕಾನೂನು: 2016ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದ ಮಗುವನ್ನು ಯಾವ ಕೂಲಿ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಟಂಟಂನಲ್ಲಿ ಮತ್ತೆ ಮಕ್ಕಳು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವವರು ನಾವೇ. ಇನ್ನೊಂದು ಬೇಡಿಕೆ: ಈ ತಾಯಿಯ ಪಾಳಿಯನ್ನು ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಮುಂದೆ ಹಾಕು. ಅವನು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಮನ್ಯಾಗೂ ಹುಡುಗ್ರು ಅದಾವ್ರಿ" ಅಂದು ಒಪ್ಪಿಕೊಂಡ.

ಮನೆಯದು ಇನ್ನೂ ಉಳಿದಿತ್ತು. ನಾಲ್ಕು ವರ್ಷದವನನ್ನು ಹಗಲಿಗೆ ಅಂಗನವಾಡಿ ಟೀಚರ್ ನೋಡಿಕೊಳ್ಳುತ್ತಾರೆ, ಅಲ್ಲಿ ಊಟವೂ ಆಗುತ್ತದೆ. ಹಿರಿ ಮಗಳಿಗೆ ಮಧ್ಯಾಹ್ನದ ಊಟ ಶಾಲೆಯಲ್ಲಿ. ರಾತ್ರಿಗೆ? ಪಕ್ಕದ ಮನೆಯ ಮುದುಕಿಯನ್ನು ಕೇಳಿದೆವು. "ರೊಟ್ಟಿ ಬಡ್ಯಾಕ ನಂಗೇನು ಕಷ್ಟ? ಜ್ವಾಳ ಕೊಡ್ರಿ ಸಾಕು." ಹದಿನಾಲ್ಕು ದಿನಕ್ಕೆ ಬೇಕಾದ ಜೋಳ, ಬೇಳೆ, ಶೇಂಗಾ, ಎಣ್ಣೆ ತಂದು ಆ ಅಜ್ಜಿಯ ಮನೆಯಲ್ಲಿ ಇಟ್ಟೆವು. ಹೊಲಿಗೆಯ ಅಕ್ಕ ದಿನ ಬಿಟ್ಟು ದಿನ ಸಂಜೆ ಹೋಗಿ, ಮಕ್ಕಳ ಕೈಲಿ ತಾಯಿಗೆ ಫೋನ್ ಮಾಡಿಸುತ್ತಿದ್ದರು. ಇಡೀ ಕೆಲಸದಲ್ಲಿ ಆ ಫೋನೇ ದೊಡ್ಡದು ಅಂತ ನನ್ನ ನಂಬಿಕೆ. ರಾತ್ರಿ ಎರಡು ಗಂಟೆಗೆ ಎದ್ದು ಚಮಚದಲ್ಲಿ ಹಾಲು ಕುಡಿಸುವ ತಾಯಿಗೆ, ಮನೆಯಲ್ಲಿ ಉಳಿದ ಮಕ್ಕಳು ಉಂಡು ಮಲಗಿದ್ದಾರೆ ಅಂತ ಗೊತ್ತಿರಬೇಕು.

ಅವಳು ಮತ್ತೆ ಬಂದಳು. ಈ ಸಲ ಹದಿನಾಲ್ಕು ದಿನವೂ ಇದ್ದಳು. ಐದನೆಯ ದಿನ ಕೂಸು ಬಟ್ಟಲಿಗೆ ತಾನೇ ಕೈ ಚಾಚಿತು ಅಂತ ಸಿಸ್ಟರ್ ಫೋನ್ ಮಾಡಿದಾಗ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ.

ಅಲ್ಲಿಂದ ನಾವು ಕೆಲಸದ ರೀತಿ ಬದಲಿಸಿದೆವು. ಪುಸ್ತಕದಲ್ಲಿ ಮಗುವಿನ ಹೆಸರು, ತೋಳಿನ ಅಳತೆಗಿಂತ ಮೊದಲು ಒಂದು ಖಾನೆ ಬಂತು: "ಮನಿಯಾಗ ಯಾರು?" ಅದು ತುಂಬುವ ತನಕ ಯಾವ ತಾಯಿಗೂ ಆಸ್ಪತ್ರೆಗೆ ಬಾ ಅಂತ ಒತ್ತಾಯ ಮಾಡುವುದಿಲ್ಲ. ಮಗುವಿನ ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ, ಆಗ ಮೊದಲು ಆಂಬುಲೆನ್ಸ್. ಹೊಸದಾಗಿ ಬರುವ ಸ್ವಯಂಸೇವಕರು ಹಂಚುವ ಕೆಲಸ ಕೇಳಿಕೊಂಡು ಬರುತ್ತಾರೆ. ಕಂಬಳಿ ಹಂಚಬೇಕು, ನೋಟುಪುಸ್ತಕ ಹಂಚಬೇಕು, ಫೋಟೊ ತೆಗೆಯಬೇಕು. ಅವರ ಮನಸ್ಸು ಒಳ್ಳೆಯದೇ. ಆದರೆ ಫೋಟೊ ಬೇಡ ಅಂತ ಮೊದಲ ದಿನವೇ ಹೇಳುತ್ತೇನೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ತಡೆಯುತ್ತದೆ. ಕಾಯ್ದೆ ಇರದಿದ್ದರೂ ಬೇಡವೇ ಅನ್ನುತ್ತಿದ್ದೆ. ಕಂಬಳಿಗೆ ಕೈ ಒಡ್ಡಿದ ತಾಯಿಯ ಮುಖವನ್ನು ಅವಳ ಬೀಗರು ವಾಟ್ಸಾಪ್‌ನಲ್ಲಿ ನೋಡುವುದು ಯಾರಿಗೆ ಬೇಕು? ಹಂಚುವುದಕ್ಕಿಂತ ಒಂದು ಮನೆಯ ಸಂಜೆಯನ್ನು ಹದಿನಾಲ್ಕು ದಿನ ನೋಡಿಕೊಳ್ಳುವುದು ಕಷ್ಟ. ಅದಕ್ಕೆ ಒಪ್ಪುವವರು ಕಡಿಮೆ. ಒಪ್ಪಿದವರು ಮಾತ್ರ ಮತ್ತೆ ಬಿಟ್ಟು ಹೋಗಿಲ್ಲ.

ಎಲ್ಲ ಕಡೆ ಇದು ಕೈಗೂಡಲಿಲ್ಲ. ಪಕ್ಕದ ಮನೆಯವರೂ ಕೂಲಿಗೆ ಹೋಗುವ ಓಣಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಸಿಗುವುದಿಲ್ಲ. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಯ 'ಕೂಸಿನ ಮನೆ' ಚೆನ್ನಾಗಿ ನಡೆಯುವ ಊರಿನಲ್ಲಿ ನಮ್ಮ ಅರ್ಧ ಕೆಲಸ ಆದಂತೆಯೇ. ಬೇಸಿಗೆಗೆ ಗುಳೆ ಹೋಗುವ ಮನೆಗಳದು ಇನ್ನೊಂದು ಕಥೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಹದಿನೈದು ದಿನಕ್ಕೊಮ್ಮೆ ಮಗುವನ್ನು ತೋರಿಸಬೇಕು. ಎರಡನೆಯ ಸಲಕ್ಕೇ ಮನೆಗೆ ಬೀಗ, ಜನ ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿ. ಈಗ ಹೊರಡುವ ಮೊದಲೇ ತಾಯಿಯ ಕೈಗೆ ತೋಳಿನ ಪಟ್ಟಿ ಕೊಟ್ಟು ಅಳೆಯುವುದನ್ನು ಕಲಿಸುತ್ತಿದ್ದೇವೆ. ಓದು ಬರದವರಿಗೂ ಬಣ್ಣ ತಿಳಿಯುತ್ತದೆ. ಅಲ್ಲಿನ ಅಂಗನವಾಡಿಯಲ್ಲೂ ಹೆಸರು ಬರೆಸಬಹುದು ಅಂತ ಹೇಳಿ ಕಳಿಸುತ್ತೇವೆ. ಕೆಲವರು ಫೋನ್ ಮಾಡುತ್ತಾರೆ, ಕೆಲವರ ನಂಬರ್ ಬದಲಾಗಿರುತ್ತದೆ.

ಆ ಹುಡುಗಿ ಈಗ ಏಳನೆಯ ಕ್ಲಾಸು. ಹೋದ ತಿಂಗಳು ಆ ಊರಿಗೆ ಹೋದಾಗ ಆ ಚಿಕ್ಕ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಅವನು ಅವಳ ಜಡೆ ಹಿಡಿದು ಎಳೆಯುತ್ತಿದ್ದ. ಬೆರಳುಗಳನ್ನು ನೋಡಿದೆ, ಗಾಯ ಇಲ್ಲ. ನಾನು ನೋಡಿದ್ದು ಅವಳಿಗೆ ತಿಳಿಯಿತು. "ಹೋಗಿಲ್ಲಕ್ಕ" ಅಂದಳು.

ಈ ಸಲದ ಹತ್ತಿ ಒಡೆಯುತ್ತಿದೆ. ಪುಸ್ತಕದಲ್ಲಿ ಕೆಂಪಿನ ಮೂರು ಮಕ್ಕಳಿವೆ. ಇಬ್ಬರ ತಾಯಂದಿರಿಗೆ ವ್ಯವಸ್ಥೆ ಆಗಿದೆ. ಮೂರನೆಯ ಮನೆಯಲ್ಲಿ ಗಂಡ ಇಲ್ಲ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ತಿರುವಿ ಮಲಗಿಸಲೂ ಒಬ್ಬರು ಬೇಕು. ಹೊಲಿಗೆಯ ಅಕ್ಕ ಹಗಲು ಕೂತಿರುತ್ತೇನೆ ಅಂದಿದ್ದಾರೆ. ರಾತ್ರಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಮಂಗಳವಾರ ಆ ಓಣಿಗೆ ಮತ್ತೆ ಹೋಗುತ್ತಿದ್ದೇವೆ.